ಮೊದಲು ಹೋಗುವವಳು

ಕಾಟರ್ ಫ್ಲಾಟ್, ಐಡಹೊ
ಏಪ್ರಿಲ್ 11, 2011

ವರ್ನ್ ಅವರಿಗೆ,

ನಿಮ್ಮ ಪತ್ರ ಬಂತು. ಏಳು ವರ್ಷದ ಮೇಲೆ ಒಂದು ಪತ್ರ. ಅದರಲ್ಲಿ ನನ್ನ ಕ್ಷೇಮ ನಾಲ್ಕು ಸಾಲು, ಪೆರೋಲ್ ಮಂಡಳಿ ಎರಡು ಪುಟ. ನಿಮ್ಮನ್ನು ಅವಧಿಗೆ ಮೊದಲೇ ಬಿಡಬೇಕೋ ಬೇಡವೋ ಎಂದು ಅವರು ಅಕ್ಟೋಬರಿನಲ್ಲಿ ಕೂತು ನೋಡುತ್ತಾರೆ, ಸ್ವಂತ ಮಗಳು ನಾಲ್ಕು ಒಳ್ಳೆಯ ಮಾತು ಬರೆದರೆ ತೂಕ ಬರುತ್ತದೆ. ಇಷ್ಟೇ ತಾನೆ?

ನಾನು ಸುಳ್ಳು ಬರೆಯುವುದಿಲ್ಲ. ಅದು ದೊಡ್ಡ ಗುಣವೇನಲ್ಲ, ಚಟ. ಸ್ಕೂಲು ಬಿಟ್ಟದ್ದೂ ಅದರಿಂದಲೇ. ಲೆಕ್ಕದ ಮೇಷ್ಟ್ರು ಯಾಕೆ ತೂಕಡಿಸುತ್ತೀಯ ಎಂದು ಕೇಳಿದರು. "ನೀವ್ ಪಾಠ ಮಾಡ್ತಿದ್ರಿ, ಅದಕ್ಕೆ" ಅಂದೆ. ಕ್ಷಮೆ ಕೇಳು ಎಂದು ಹೆಡ್‌ಮಾಸ್ಟರ್ ಕರೆಸಿದರು. ನನಗೆ ಬೇಸರವೇ ಆಗಿಲ್ಲ, ಏನೆಂದು ಕೇಳಲಿ ಅಂದೆ. ಅವತ್ತು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಈಗ ಟೈರ್ ಅಂಗಡಿಯಲ್ಲಿ ಕೆಲಸ.

ನಿಮ್ಮ ಬಗ್ಗೆ ನನಗೆ ಗೊತ್ತಿರುವುದು ಇಷ್ಟು: ಕದ್ದ ಬೈಕುಗಳ ಚಾಸಿ ನಂಬರ್ ಉಜ್ಜಿ ಬೇರೆ ನಂಬರ್ ಹೊಡೆದು ಮಾರುತ್ತಿದ್ದಿರಿ. ಹಿಡಿಯಲು ಬಂದ ಪೋಲೀಸಿನವನ ಕಾಲಿನ ಮೇಲೆ ಟ್ರಕ್ ಹತ್ತಿಸಿದಿರಿ. ಅದು ನನಗೆ ಹನ್ನೆರಡು ತುಂಬುವ ಹಿಂದಿನ ದಿನ. ಇದನ್ನೇ ಬರೆಯಲೆ?

ಬೇರೆ ಬರೆಯಬೇಕಾದರೆ ಬೇರೆ ಏನಾದರೂ ಗೊತ್ತಿರಬೇಕು. ಭೇಟಿಗೆ ಬರುವುದಿಲ್ಲ, ನಿಮ್ಮ ಮುಖ ನೋಡುವ ಆಸೆ ನನಗಿಲ್ಲ. ಆದರೆ ನನಗೊಂದು ಡರ್ಟ್ ಬೈಕ್ ಬೇಕು. ರೇಸಿಗಲ್ಲ. ಭಾನುವಾರ ಗುಡ್ಡ ಹತ್ತಿ, ಸೇಜ್ ಪೊದೆಗಳ ನಡುವೆ ಎಲ್ಲಾದರೂ ಸುತ್ತಿ ಬರಲು. ಕೈಯಲ್ಲಿ ಏಳು ನೂರು ಡಾಲರ್ ಇದೆ. ಹಳೇ ಬೈಕ್ ಮಾರುವವರೆಲ್ಲ ಸುಳ್ಳು ಹೇಳುತ್ತಾರೆ, ಆ ಸುಳ್ಳುಗಳನ್ನು ನಿಮ್ಮಷ್ಟು ಬಲ್ಲವರು ಈ ಜಿಲ್ಲೆಯಲ್ಲಿ ಇಲ್ಲ. ಆರಿಸುವುದನ್ನು ಕಲಿಸಿ. ನೀವು ಹೂಂ ಅನ್ನುವ ತನಕ ನಾನು ಕೊಳ್ಳುವುದಿಲ್ಲ. ಸರಿಯಾಗಿ ಕಲಿಸಿದರೆ ಅದನ್ನೇ ಮಂಡಳಿಗೆ ಬರೆಯುತ್ತೇನೆ.

ಶೆಲ್ಬಿ ರಸ್ಕ್


ಏಪ್ರಿಲ್ 19

ಮಗಳೇ ಶೆಲ್ಬಿ,

ಇಲ್ಲಿ ಪತ್ರಗಳನ್ನು ಒಡೆದು ಓದಿಯೇ ಕೊಡುವುದು. ನಿನ್ನದನ್ನು ಓದಿದ ಕಾವಲುಗಾರ, "ನಿನ್ ಮಗಳೇನಯ್ಯಾ ಇವ್ಳು? ನಾಲಿಗೇನೋ ಬ್ಲೇಡೋ?" ಎಂದು ನಗುತ್ತಾ ಕೊಟ್ಟ. ನಾನೂ ನಕ್ಕೆ. ಹನ್ನೆರಡನೆಯ ಹುಟ್ಟುಹಬ್ಬದ ಸಾಲಿಗೆ ಬಂದಾಗ ನಗು ನಿಂತಿತು.

ಪಾಠಕ್ಕೆ ಬರೋಣ. ರೇಸ್ ಬೈಕ್ ಅಗ್ಗಕ್ಕೆ ಸಿಗುತ್ತದೆ. ಅದರ ಹತ್ತಿರವೂ ಸುಳಿಯಬೇಡ. ಇಪ್ಪತ್ತು ಮೂವತ್ತು ಗಂಟೆ ಓಡಿಸುವಷ್ಟರಲ್ಲಿ ಹೊಸ ಪಿಸ್ಟನ್ ಕೇಳುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸುವ ಟೂ-ಸ್ಟ್ರೋಕ್ ಕೂಡ ನಿನಗೆ ಬೇಡ. ಗಾಳಿಗೇ ತಣ್ಣಗಾಗುವ ಹಳೇ ಫೋರ್-ಸ್ಟ್ರೋಕ್ ನೋಡು, ಇನ್ನೂರು, ಇನ್ನೂರೈವತ್ತು ಸಿಸಿ. ನೋಡಲು ಚಂದ ಇರುವುದಿಲ್ಲ, ಸುಲಭಕ್ಕೆ ಸಾಯುವುದೂ ಇಲ್ಲ. ಕೂತಾಗ ಎರಡು ಪಾದವೂ ನೆಲಕ್ಕೆ ತಾಗಬೇಕು.

ಹೋಗುವ ಮೊದಲು ಫೋನ್ ಮಾಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳು. ಹೋದವಳೇ, ನಮಸ್ಕಾರಕ್ಕೂ ಮೊದಲು, ಇಂಜಿನ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿದ್ದಾಗ ಏಳದ ಬೈಕನ್ನು ಮೊದಲೇ ಎಬ್ಬಿಸಿ ನಿಲ್ಲಿಸಿರುತ್ತಾರೆ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿ. ಮಿಣಮಿಣ ಅಂದರೆ ಒಳಗೆ ಲೋಹ ಸವೆಯುತ್ತಿದೆ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸು. ನಡುವೆ ಎಲ್ಲಾದರೂ ತಡೆದು ಸಿಕ್ಕಿಕೊಂಡ ಹಾಗಾದರೆ ಬೇರಿಂಗ್ ಹೋಗಿದೆ.

ನೋಡಿದ್ದೆಲ್ಲ ನನಗೆ ಬರಿ. ಯಾವ ಊರು, ಯಾರ ಮನೆ, ಎಷ್ಟು ಹೇಳುತ್ತಾರೆ, ಏನು ಮಾತಾಡಿದರು, ಎಲ್ಲ. ಮಾರುವವನು ಯಾರೆಂದು ತಿಳಿದರೆ ಬೈಕ್ ಅರ್ಧ ತಿಳಿದ ಹಾಗೆ.

ನಿನ್ನ ಅಪ್ಪ (ಒಪ್ಪದಿದ್ದರೆ ವರ್ನ್)


ಮೇ 8

ವರ್ನ್ ಅವರಿಗೆ,

ಮೊದಲನೆಯದನ್ನು ನೋಡಿ ಬಂದೆ. ಹಾರ್ಲನ್ ಪೀವಿ ಎಂಬವನ ಮನೆ, ಹೆದ್ದಾರಿಯ ಆಚೆ. ಕೇಳಿದ್ದು ಆರು ನೂರು.

"ಒಬ್ರು ಮುದುಕ್ರು ಇಟ್ಕೊಂಡಿದ್ರಮ್ಮ. ಬರೀ ಚರ್ಚಿಗೆ ಹೋಗೋಕೆ ತೆಗೀತಿದ್ರು" ಅಂದ.

"ನಂಬರ್ ಪ್ಲೇಟಿಲ್ಲ, ಲೈಟಿಲ್ಲ, ಇದ್ರಲ್ಲಿ ಚರ್ಚಿಗಾ?"

"ಹಿಂದಿನ ದಾರೀಲಿ ಹೋಗ್ತಿದ್ರು."

ನಾನು ಅಷ್ಟರಲ್ಲಿ ಅಂಗೈ ಇಟ್ಟಿದ್ದೆ. ಚುರ್ ಅಂದಿತು. ಇದು ಯಾಕೆ ಬಿಸಿ ಎಂದರೆ "ಬಿಸ್ಲಲ್ಲಿ ನಿಂತಿತ್ತಲ್ಲ" ಅಂದ. ಬೈಕ್ ನಿಂತಿದ್ದದ್ದು ಗ್ಯಾರೇಜಿನ ಒಳಗೆ. ಆಯಿಲ್ ಬಿಸಿಲಿಗೆ ಹಿಡಿದರೆ ಕ್ರಿಸ್‌ಮಸ್ ಜರಿಯ ಹಾಗೆ ಹೊಳೆಯಿತು.

"ನೀವ್ ಸುಳ್ ಹೇಳ್ತಿದ್ದೀರ" ಅಂದೆ.

"ಯಾರಮ್ಮಾ ನಿಂಗೆ ಇದನ್ನೆಲ್ಲ ಹೇಳಿಕೊಟ್ಟೋರು?"

"ನಮ್ಮಪ್ಪ. ಜೈಲಲ್ಲಿದ್ದಾನೆ."

ಅವನು ಗ್ಯಾರೇಜಿನ ಬಾಗಿಲು ಎಳೆದುಕೊಂಡ. ಪಾಠ ಚೆನ್ನಾಗಿದೆ. ಮುಂದಿನದು ಹೇಳಿ.

ಶೆಲ್ಬಿ


ಮೇ 17

ಮಗಳೇ,

ನಿನ್ನ ಪತ್ರವನ್ನು ಊಟದ ಸಾಲಿನಲ್ಲಿ ಗಟ್ಟಿಯಾಗಿ ಓದಿದೆ. ಮೂವತ್ತು ಜನ ಹೊಟ್ಟೆ ಹಿಡಿದುಕೊಂಡರು. "ಜೈಲಲ್ಲಿದ್ದಾನೆ" ಅನ್ನುವಲ್ಲಿಗೆ ಒಬ್ಬ ತಟ್ಟೆ ಬೀಳಿಸಿದ.

ಈಗ ನನ್ನ ಸ್ವಂತ ವಿದ್ಯೆ. ಹ್ಯಾಂಡಲ್ ಕೆಳಗೆ, ಚಾಸಿಯ ಕುತ್ತಿಗೆಯಲ್ಲಿ ನಂಬರ್ ಇರುತ್ತದೆ. ಅದರ ಮೇಲೆ ಉಗುರು ಎಳೆ. ಕಾರ್ಖಾನೆಯ ಅಕ್ಷರ ಒಂದೇ ಆಳಕ್ಕೆ ಇಳಿದಿರುತ್ತದೆ. ನಾವು ಹೊಡೆದದ್ದು ಒಂದು ಆಳ, ಒಂದು ಮೇಲೆ. ಸುತ್ತ ಲೋಹ ನುಣ್ಣಗೆ. ಕಾಗದದ ನಂಬರಿಗೆ ತಾಳೆ ನೋಡು. ಅಲ್ಲೇ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ನೋಡು. ಅದಿದ್ದರೆ ಕುತ್ತಿಗೆ ಇಳಿಜಾರಿನಲ್ಲಿ ಮುರಿದು ನಿನ್ನ ಹಲ್ಲೆಲ್ಲ ಟ್ಯಾಂಕಿನ ಮೇಲೆ.

ನಾನು ಒಬ್ಬರಿಗೆ ನಿಜ ಕಲಿಸುತ್ತಿದ್ದೇನೆ ಅಂದರೆ ನನಗೇ ವಿಚಿತ್ರವಾಗಿದೆ.

ಅಪ್ಪ


ಜೂನ್ 6

ಅಪ್ಪ,

ಸಿಕ್ಕಿತು. ನೋಡಿ ಬಂದವಳೇ ಬರೆಯಲು ಕೂತೆ.

ಕಾಲುವೆ ರಸ್ತೆಯ ಕೊನೆಯಲ್ಲಿ ಆಗ್ನೆಸ್ ಹಾಲ್ವರ್ಸನ್ ಎಂಬ ವಿಧವೆ ಇದ್ದಾರೆ. ಗಂಡ ಬರ್ಟ್ ಸಕ್ಕರೆ ಬೀಟ್ ಹೊಲಕ್ಕೆ ನೀರು ತಿರುಗಿಸಲು ಹನ್ನೊಂದು ವರ್ಷ ಇದನ್ನೇ ಓಡಿಸಿದರಂತೆ. ಇನ್ನೂರು ಸಿಸಿ, ಫೋರ್-ಸ್ಟ್ರೋಕ್. ಸೀಟಿಗೆ ಹಳೇ ಸೋಫಾದ ಬಟ್ಟೆ ಹೊಲಿದಿದ್ದಾರೆ, ಕಂದು ಹೂವಿನದು. ಕೇಳಿದ್ದು ಆರೂವರೆ ನೂರು. ಇಂಜಿನ್ ಕಲ್ಲಿನಂತೆ ತಣ್ಣಗಿತ್ತು. ಚೋಕ್ ಎಳೆದು ಮೂರನೆಯ ಕಿಕ್‌ಗೆ ಎದ್ದು ಟುಕುಟುಕು ಎಂದು ನಿಂತಿತು. ಆಯಿಲ್ ಜೇನಿನ ಬಣ್ಣ. ಹ್ಯಾಂಡಲ್ ಬೆಣ್ಣೆ. ನಂಬರ್ ಮೇಲೆ ಉಗುರು ಎಳೆದೆ, ಒಂದೇ ಆಳ, ಕಾಗದಕ್ಕೂ ಸರಿಹೋಗುತ್ತದೆ. ಎರಡು ಪಾದವೂ ನೆಲಕ್ಕೆ.

"ಹಿಂದಿನ್ ಬ್ರೇಕ್ ಸ್ವಲ್ಪ ಕಿರುಗುಡತ್ತೆ ಕಣಮ್ಮ. ಕೇಳ್ದೇ ಇದ್ರೂ ಹೇಳ್ಬೇಕಲ್ಲ" ಎಂದು ಅವರೇ ಹೇಳಿದರು. ರೂಬಾರ್ಬ್ ದಂಟಿನ ಹೂರಣದ ಪೈ ಕೊಟ್ಟರು. ಹುಳಿ ಎಂದೆ. "ಹೌದು, ಸಕ್ಕರೆ ಕಮ್ಮಿ ಆಯ್ತು" ಅಂದರು. ನನಗೆ ಅವರು ಬಹಳ ಹಿಡಿಸಿದರು.

ಒಂದೇ ಒಂದು. ಕುತ್ತಿಗೆಯ ಬೆಸುಗೆಯ ಹತ್ತಿರ ಉಗುರಗಲ ಬಣ್ಣ ಎದ್ದಿದೆ. ಬಿರುಕು ನನಗೆ ಕಾಣಲಿಲ್ಲ. ನೀನು ಹೂಂ ಅನ್ನದೆ ಕೊಳ್ಳುವುದಿಲ್ಲ ಅಂದಿದ್ದೆನಲ್ಲ, ಹದಿನೈದು ದಿನ ಯಾರಿಗೂ ಕೊಡಬೇಡಿ ಎಂದು ಕೇಳಿಕೊಂಡು ಬಂದೆ. ಬೇಗ ಬರಿ ಅಪ್ಪ.

ಶೆಲ್ಬಿ


ಜೂನ್ 13

ಮಗಳೇ,

ಬಿಟ್ಟುಬಿಡು. ಬಣ್ಣ ಸುಮ್ಮನೆ ಏಳುವುದಿಲ್ಲ, ಕೆಳಗೆ ಲೋಹ ಬಾಯಿ ಬಿಟ್ಟಾಗ ಏಳುತ್ತದೆ. ಕಣ್ಣಿಗೆ ಕಾಣುವುದು ಕೊನೆಯಲ್ಲಿ. ನಾನು ಇಂಥವು ಹತ್ತಾರು ನೋಡಿದ್ದೇನೆ. ಅದರ ಮೇಲೆ ನಿನ್ನನ್ನು ಕೂರಿಸಿ ನಾನು ಇಲ್ಲಿ ನಿದ್ದೆ ಮಾಡಲಾರೆ.

ಆಕೆಗೂ ಹೋಗಿ ಹೇಳು. ಒಳ್ಳೆಯ ಹೆಂಗಸು ಅನ್ನುತ್ತೀಯ, ತಿಳಿಯದೆ ಯಾರಿಗಾದರೂ ಮಾರಿ ಪಾಪ ಕಟ್ಟಿಕೊಳ್ಳುವುದು ಬೇಡ. ನೀನು ಹೇಳಿದರೆ ನಂಬುತ್ತಾಳೆ.

ಅಪ್ಪ


ಜೂನ್ 26

ಅಪ್ಪ,

ಹೇಳಿ ಬಂದೆ. ಹೇಳಬಾರದಿತ್ತು ಅನ್ನಿಸುವಷ್ಟು ಕಷ್ಟವಾಯಿತು.

ಅವರು ಸೀಟಿನ ಮೇಲೆ ಕೈ ಇಟ್ಟರು. "ಹಾಗಾದ್ರೆ ಬರ್ಟ್ ದಿನಾ ಇದ್ರ ಮೇಲೆ ಕೂತು... ನಾನು ಅಡಿಗೆಮನೆ ಕಿಟಕೀಲಿ ನಿಂತು ಕೈ ಬೀಸ್ತಿದ್ನಲ್ಲಮ್ಮ" ಅಂದರು. ಯಾರು ಹೇಳಿದ್ದು ಎಂದು ಕೇಳಿದರು. ನಮ್ಮಪ್ಪ, ಅವನು ಬೈಕ್ ವಿಷಯದಲ್ಲಿ ತಪ್ಪುವುದಿಲ್ಲ ಅಂದೆ. ಇನ್ನು ಯಾರು ಬಂದರೂ ಮೊದಲು ಬಿರುಕಿನ ವಿಷಯ ಹೇಳಿಯೇ ಬೆಲೆ ಹೇಳುತ್ತೇನೆ ಅಂದರು.

ಮಂಡಳಿಯ ಪತ್ರಕ್ಕೆ ಮೂರು ಸಾಲು ಬರೆದಿಟ್ಟಿದ್ದೇನೆ. "ಕಳೆದ ಮೂರು ತಿಂಗಳಲ್ಲಿ ನನ್ನ ತಂದೆ ನನಗೆ ಒಂದೇ ಒಂದು ಸುಳ್ಳು ಹೇಳಿಲ್ಲ. ನನ್ನ ಕೈಗೆ ಒಳ್ಳೆಯ ಬೈಕ್ ಸಿಗದಿದ್ದರೂ ಚಿಂತೆಯಿಲ್ಲ, ಕೆಟ್ಟದು ಸಿಗಬಾರದೆಂದು ನೋಡಿಕೊಂಡಿದ್ದಾನೆ. ಅವನು ಬದಲಾಗಿದ್ದಾನೆ." ಮೂರನೆಯ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ.

ಭೇಟಿಯ ಅರ್ಜಿ ಎಲ್ಲಿ ಸಿಗುತ್ತದೆ?

ಶೆಲ್ಬಿ


ಜುಲೈ 5

ಮಗಳೇ,

ಒಳ್ಳೆಯ ಕೆಲಸ ಮಾಡಿದೆ. ಅವಸರ ಬೇಡ, ಬೇರೆ ಸಿಗುತ್ತದೆ. ಭೇಟಿಗೆ ಈಗಲೇ ಬರಬೇಡ. ಭಾನುವಾರಗಳೆಲ್ಲ ತುಂಬಿವೆ. ಅಕ್ಟೋಬರಿನ ಮೇಲೆ ಹೊರಗೇ ನೋಡೋಣ. ಪತ್ರ ಮಾತ್ರ ಸೆಪ್ಟೆಂಬರ್ ಹದಿನೈದರೊಳಗೆ ತಲುಪಬೇಕು.

ಅಪ್ಪ


ಆಗಸ್ಟ್ 14

ವರ್ನ್ ಅವರಿಗೆ,

ನಿನ್ನೆ ಅಂಗಡಿಗೆ ಒಂದು ಪಿಕಪ್ ಬಂತು. ಹಿಂದೆ ಕಂದು ಹೂವಿನ ಸೀಟಿನ ಬೈಕ್. ನಮ್ಮ ಗುಡ್ಡಗಳಲ್ಲಿ ಸುತ್ತಲು ಬಂದು ಹಿಂದಿನ ಚಕ್ರ ಪಂಕ್ಚರ್ ಮಾಡಿಕೊಂಡಿದ್ದರು. ಇಳಿದು ಬಂದವಳಿಗೆ ಹದಿನಾರು ಇರಬಹುದು. ಹೆಸರು ಟೆಸ್ಸಾ. ತಾಯಿ ಡೋರೀನ್ ಗಾಡಿಯಲ್ಲೇ ಕೂತು ಸಿಗರೇಟು ಸೇದುತ್ತಿದ್ದಳು.

ನಾನು ಟ್ಯೂಬ್ ಎಳೆಯುತ್ತಾ, ಇದರ ಕುತ್ತಿಗೆ ಒಡೆದಿದೆ, ಓಡಿಸಬೇಡ ಅಂದೆ. ಅವಳು ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಅಕ್ಕ, ನೀನೂ ನಂಬ್ಬಿಟ್ಯಾ? ಏನೂ ಒಡ್ದಿಲ್ಲ. ನಮ್ಮಪ್ಪನ ಐಡಿಯಾ ಅದು. ಯಾರೋ ಪರಿಚಯದವ್ಳು ಒಬ್ಳಿದ್ಳಂತೆ, ಅವ್ಳನ್ನ ಮೊದ್ಲು ಕಳ್ಸಿ ಬಿರುಕಿದೆ ಅಂತ ಹೇಳಿಸ್ದ. ಹತ್ ದಿನ ಬಿಟ್ಟು ಅಮ್ಮ ಹೋದ್ಳು. ಮುದುಕಿ ಅವ್ಳೇ 'ಒಡೆದಿದೆ ಕಣಮ್ಮ, ಮುನ್ನೂರು ಕೊಡು ಸಾಕು' ಅಂತ ಕೊಟ್ಳು."

"ನಿಮ್ಮಪ್ಪ ಎಲ್ಲಿದಾನೆ?"

"ಒಳಗೆ. ಅಮ್ಮನ್ನ ಅಲ್ಲೇ ಮದ್ವೆ ಆಗಿದ್ದು, ಎರಡ್ ವರ್ಷ ಆಯ್ತು. ನನ್ ಸ್ವಂತ ಅಪ್ಪ ಅಲ್ಲ, ಆದ್ರೂ ಸ್ವಂತಕ್ಕಿಂತ ಜಾಸ್ತಿ. ವಾರ ಬಿಟ್ಟು ವಾರ ಹೋಗ್ತೀವಿ. ನೋಡು, ಜೈಲಲ್ಲಿ ಕೂತ್ಕೊಂಡೇ ನಂಗೆ ಬೈಕ್ ಆರಿಸಿಕೊಟ್ಟ!"

ಬಣ್ಣ ಎದ್ದ ಜಾಗವನ್ನು ನಾನು ತಿನ್ನರ್ ಹಾಕಿ ಬರಿಯ ಲೋಹ ಕಾಣುವ ತನಕ ಉಜ್ಜಿದೆ. ಭೂತಗನ್ನಡಿ ಇಟ್ಟು ನೋಡಿದೆ. ಕೂದಲೆಳೆಯೂ ಇಲ್ಲ. ಪಂಕ್ಚರ್ ಸರಿಯಾಗಿ ಹಾಕಿ ಕಳಿಸಿದೆ.

ನಿಮ್ಮ ಹಳೇ ಕಸುಬಿನಲ್ಲಿ, ಬೈಕನ್ನು ಅಗ್ಗಕ್ಕೆ ಕೊಳ್ಳಬೇಕಾದಾಗ, ಹೀಗೆ ಮೊದಲು ಹೋಗಿ ಕುಂದು ಹೇಳಿ ಬರುವವನು ಒಬ್ಬ ಇರುತ್ತಿದ್ದ ಎಂದು ನಿಮ್ಮನ್ನು ಎಂದೋ ಬಿಟ್ಟ ಅಮ್ಮ ಹೇಳಿದಳು. ಅವನಿಗೆ ದುಡ್ಡು ಕೊಡಬೇಕಾಗುತ್ತಿತ್ತಂತೆ.

ಶೆಲ್ಬಿ ರಸ್ಕ್


ಆಗಸ್ಟ್ 22

ಶೆಲ್ಬಿ,

ನಾನು ಅಲ್ಲಗಳೆಯುವುದಿಲ್ಲ. ನಿನಗೆ ನಿಜ ಬೇಕು ತಾನೆ? ತಗೋ.

ಆ ಹುಡುಗಿ ಎರಡು ವರ್ಷದಿಂದ ಹಿಮ ಬೀಳಲಿ, ಬಿಸಿಲಿರಲಿ, ಎಪ್ಪತ್ತು ಮೈಲಿ ಬಂದು ನನ್ನೆದುರು ಕೂತು ಸ್ಕೂಲಿನ ಸುದ್ದಿ ಹೇಳುತ್ತಾಳೆ. ಅವಳು ಒಂದು ಬೈಕ್ ಕೇಳಿದಳು. ನನ್ನ ಕೈಯಲ್ಲಿ ಇಲ್ಲಿ ಏನಿದೆ ಕೊಡಲು? ಆಗ ನಿನ್ನ ಪತ್ರ ಬಂತು. ಮುಖ ನೋಡುವ ಆಸೆಯಿಲ್ಲ, ಪಾಠ ಮಾತ್ರ ಬೇಕು ಎಂದೆ ನೀನು. ಪಾಠ ಕೊಟ್ಟೆ. ಒಂದಕ್ಷರ ಸುಳ್ಳು ಕಲಿಸಿಲ್ಲ. ಒಂದೇ ಒಂದು ಬೈಕನ್ನು ಅವಳಿಗೆ ತಿರುಗಿಸಿದೆ. ನಿನ್ನ ಹತ್ತಿರ ಏಳು ನೂರಿತ್ತು, ಅವರ ಹತ್ತಿರ ಮುನ್ನೂರಿತ್ತು. ನಿನಗೆ ಇನ್ನೊಂದು ಹುಡುಕಿಯೇ ಕೊಡುತ್ತಿದ್ದೆ.

ಇದಕ್ಕಾಗಿ ಒಬ್ಬ ಮನುಷ್ಯನನ್ನು ಒಳಗೇ ಕೊಳೆಸುತ್ತೀಯ? ಮಂಡಳಿಗೆ ಬರೆಯುವ ಮೊದಲು ಯೋಚಿಸು. ಬರೆಯದೇ ಇದ್ದರೂ ಸಾಕು.

ವರ್ನ್


ಸೆಪ್ಟೆಂಬರ್ 9
ಪೆರೋಲ್ ಮಂಡಳಿಯ ಸದಸ್ಯರಿಗೆ (ಪ್ರತಿ: ವರ್ನ್ ರಸ್ಕ್)

ಮಾನ್ಯರೆ,

ವರ್ನ್ ರಸ್ಕ್ ನನ್ನ ತಂದೆ. ಅವರ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಹಾಗಾಗಿ ಬರೆಯುತ್ತಿದ್ದೇನೆ.

ಅವರು ಒಳ್ಳೆಯ ಮೇಷ್ಟ್ರು. ಹಳೇ ಬೈಕ್ ಆರಿಸುವುದನ್ನು ನನಗೆ ಪತ್ರದಲ್ಲೇ ಕಲಿಸಿದರು, ಕಲಿಸಿದ್ದೆಲ್ಲ ನಿಜ. ಆ ವಿದ್ಯೆಯಿಂದ ನಾನು ಒಂದು ಒಳ್ಳೆಯ ಬೈಕ್ ಕಂಡುಹಿಡಿದೆ. ಅದು ಒಡೆದಿದೆ ಎಂದು ನನಗೆ ಸುಳ್ಳು ಹೇಳಿ, ಅದನ್ನು ನನ್ನ ಬಾಯಿಂದಲೇ ಒಡತಿಗೆ ಹೇಳಿಸಿ, ಬೆಲೆ ಇಳಿಸಿ, ಹೆಂಡತಿಯ ಮಗಳಿಗೆ ಕೊಡಿಸಿದರು. ಪತ್ರಗಳು ಇದರ ಜೊತೆ ಇವೆ. ಬೈಕಿನ ಮೋಸಕ್ಕೇ ಅವರು ಒಳಗೆ ಹೋದದ್ದು. ಈಗ ಅವರಿಗೆ ಅಂಚೆ ಚೀಟಿ ಸಾಕಾಗುತ್ತದೆ.

ಒಡತಿ ಆಗ್ನೆಸ್ ಹಾಲ್ವರ್ಸನ್ ಅವರಿಗೆ ನಿಜ ಹೇಳಲು ಹೋದೆ. ಉಳಿದ ಮುನ್ನೂರೈವತ್ತು ನಾನೇ ಕೊಡುತ್ತೇನೆ ಅಂದೆ. "ದುಡ್ಡು ಯಾರಿಗೆ ಬೇಕಮ್ಮ? ಎರಡು ತಿಂಗ್ಳು ಸತ್ತೋನನ್ನ ಬೈಕೊಂಡೆ ನಾನು, ಮುಠ್ಠಾಳ, ಒಡೆದ ಬೈಕ್ ಮೇಲೆ ಓಡಾಡ್ದ ಅಂತ. ಅದನ್ನ ಹ್ಯಾಗ್ ವಾಪಸ್ ತಗೊಳ್ಳಿ?" ಎಂದು ಬಾಗಿಲು ಹಾಕಿಕೊಂಡರು.

ಇನ್ನೊಂದು ಮಾತನ್ನೂ ಬರೆಯಬೇಕು. ಟೆಸ್ಸಾ ಎಂಬ ಆ ಹುಡುಗಿಗೆ ಇವರು ಒಳ್ಳೆಯ ತಂದೆ. ಅವಳ ಮುಖ ನೋಡಿದ್ದೇನೆ, ಅದರಲ್ಲಿ ಅನುಮಾನವಿಲ್ಲ. ಇವರು ಬದಲಾಗಿದ್ದಾರೆಯೇ ಎಂದು ನೀವು ನನ್ನನ್ನು ಕೇಳಿದರೆ, ಇಲ್ಲ.

ಶೆಲ್ಬಿ ರಸ್ಕ್


ಅಕ್ಟೋಬರ್ 1

ಶೆಲ್ಬಿ,

ಆ ಪರಿಚಯದವಳು ನೀನೇ ಎಂದು ನನಗೆ ಗೊತ್ತಿರಲಿಲ್ಲ. ಅವನಿಗೊಬ್ಬ ಮಗಳಿದ್ದಾಳೆ ಎಂದೇ ಗೊತ್ತಿರಲಿಲ್ಲ. ಈಗ ಗೊತ್ತಾಗಿ ನಿನ್ನ ಮೇಲೆ ಇನ್ನೂ ಸಿಟ್ಟು ಬರುತ್ತಿದೆ, ಯಾಕೆಂದು ತಿಳಿಯುತ್ತಿಲ್ಲ.

ಬೈಕನ್ನು ನಿನ್ನ ಅಂಗಳದಲ್ಲಿ ಬಿಟ್ಟು ಹೋಗುತ್ತಿದ್ದೇನೆ. ಕಾಗದ ಸೀಟಿನ ಕೆಳಗಿದೆ, ಸಹಿ ಹಾಕಿದೆ. ತಗೋ. ವಿಚಾರಣೆ ಹದಿಮೂರಕ್ಕೆ. ಅದಕ್ಕೆ ಮೊದಲು ನೀನು ಮಂಡಳಿಗೆ ಬರೆದ ಆ ಪತ್ರ ವಾಪಸ್ ತೆಗೆದುಕೊಂಡುಬಿಡು. ಅವನಿಗೆ ನಾನು ಹೊಸ ಶರ್ಟ್ ತಂದಿಟ್ಟಿದ್ದೇನೆ, ಮನೆಗೆ ಬರುವಾಗ ಹಾಕಿಕೊಳ್ಳಲು.

ಟೆಸ್ಸಾ


ಅಕ್ಟೋಬರ್ 17

ಟೆಸ್ಸಾ,

ಮಂಡಳಿ ಇನ್ನೂ ಎರಡು ವರ್ಷ ಎಂದಿತಂತೆ. ನಿನಗೂ ತಿಳಿದಿರುತ್ತದೆ. ನನಗೆ ಸಂತೋಷವಾಯಿತು. ಸಂಜೆಯ ತನಕ ಇತ್ತು, ಆಮೇಲೆ ಹೋಯಿತು.

ನಿನ್ನ ಬೈಕನ್ನು ಮುಟ್ಟಲಿಲ್ಲ ಎಂದು ಬರೆಯಲಾರೆ. ಎರಡನೆಯ ದಿನವೇ ಹತ್ತಿ ಕೂತೆ. ದಿನಾ ಸಂಜೆ ಒರೆಸಿದೆ. ಸೀಟಿನ ಕೆಳಗಿನ ಕಾಗದವನ್ನು ಎಷ್ಟು ಸಲ ತೆಗೆದು ಓದಿದೆನೋ ಲೆಕ್ಕವಿಲ್ಲ. ಅದರಲ್ಲಿ ನನ್ನ ಹೆಸರು ಬರೆಯುವುದು ಒಂದು ನಿಮಿಷದ ಕೆಲಸವಾಗಿತ್ತು. ಈ ವಸಂತದಿಂದ ನಾನು ಬೇರೇನನ್ನೂ ಇಷ್ಟು ಬಯಸಿಲ್ಲ. ಆದರೆ ಆ ಪತ್ರದಲ್ಲಿ ಯಾವ ಸಾಲು ಸುಳ್ಳು ಎಂದು ನೀನು ಹೇಳಿಲ್ಲ. ಸುಳ್ಳಿದ್ದರೆ ವಾಪಸ್ ತೆಗೆದುಕೊಳ್ಳುತ್ತಿದ್ದೆ.

ಹದಿಮೂರರ ಬೆಳಿಗ್ಗೆ, ನೀವು ವಿಚಾರಣೆಗೆ ಹೋದ ಹೊತ್ತಿಗೆ, ಅದನ್ನು ನಿಮ್ಮ ಊರಿಗೆ ಓಡಿಸಿಕೊಂಡು ಬಂದೆ. ಹೆದ್ದಾರಿ ಬಿಟ್ಟು ಗುಡ್ಡದ ನೆತ್ತಿಯ ದಾರಿಯಲ್ಲೇ. ಐದು ಗಂಟೆ ಹಿಡಿಯಿತು. ಎರಡು ಕಡೆ ಬೇಕೆಂದೇ ಸುತ್ತು ಹಾಕಿದೆ. ನಿಮ್ಮ ಶೆಡ್ಡಿಗೆ ಒರಗಿಸಿ, ಆಲೂಗಡ್ಡೆ ಲಾರಿಯೊಂದನ್ನು ನಿಲ್ಲಿಸಿ ಮನೆಗೆ ಬಂದೆ. ಹಿಂದಿನ ಬ್ರೇಕ್ ಸರಿಮಾಡಿದ್ದೇನೆ, ಈಗ ಕಿರುಗುಡುವುದಿಲ್ಲ. ಬಹಳ ಒಳ್ಳೆಯ ಬೈಕ್, ಧೈರ್ಯವಾಗಿ ಓಡಿಸು.

ಎರಡು ವರ್ಷಕ್ಕೆ ಅವನು ನಿಮ್ಮ ಮನೆಗೇ ಬರುತ್ತಾನೆ, ನಮ್ಮ ಮನೆಗಲ್ಲ. ಶರ್ಟ್ ಎತ್ತಿಡು. ಬಂದ ಮೇಲೆ ಯಾವತ್ತಾದರೂ, ನೀನು ಸುಮ್ಮನೆ ಹೋಗಿ ಒಂದು ಬೈಕ್ ನೋಡಿ ಬಾ ಮಗಳೇ ಎಂದು ಅವನು ನಿನ್ನನ್ನು ಕಳಿಸಿದರೆ, ನಿನ್ನ ಹಿಂದೆ ಯಾರು ಬರುತ್ತಿದ್ದಾರೆಂದು ಕೇಳು.

ಶೆಲ್ಬಿ